ಕಂಪ್ಯೂಟರ್ ಏನು ಹೇಳಿತು?

ಕಳೆದ ಚಳಿಗಾಲದಲ್ಲಿ ನಡೆದ ಮಕ್ಕಳ ಆನ್‌ಲೈನ್ ಚದುರಂಗ ಸ್ಪರ್ಧೆಯೊಂದರಲ್ಲಿ ನನ್ನ ಹನ್ನೆರಡು ವರ್ಷದ ಮಗ ಮೇಜಿನ ಕೆಳಗೆ ಫೋನಿಟ್ಟುಕೊಂಡು, ತಂತ್ರಾಂಶ ತೋರಿಸಿದ ಎರಡು ನಡೆಗಳನ್ನು ತನ್ನವೆಂಬಂತೆ ಆಡಿ ಗೆದ್ದ. ಆ ರಾತ್ರಿ ಊಟಕ್ಕೆ ಬಾರದೆ ಕುಳಿತವನು ತಾನಾಗಿಯೇ ತಾಯಿಯ ಬಳಿ ತಪ್ಪೊಪ್ಪಿಕೊಂಡ. ಮರುದಿನ ಸಂಘಟಕರಿಗೆ ಪತ್ರ ಬರೆದು ಆ ಗೆಲುವನ್ನು ಬಿಟ್ಟುಕೊಟ್ಟೆವು. ಮಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಪ್ರತಿಯೊಂದು ಆಟ ಮುಗಿದಾಗಲೂ ನಾನು ಅವನಿಗೆ ಹಾಕುತ್ತಿದ್ದ ಮೊದಲ ಪ್ರಶ್ನೆ, "ಕಂಪ್ಯೂಟರ್ ಏನು ಹೇಳಿತು?" ಎಂಬುದೇ ಆಗಿತ್ತು.

ಯಂತ್ರಕ್ಕೆ ಚದುರಂಗ ಕಲಿಸಿದ ಕಥೆಯ ಬಹುಭಾಗ ನಾವು ನೆಲೆಸಿರುವ ಈ ಪ್ರದೇಶದಲ್ಲೇ ನಡೆದಿದೆ. ಬೆಲ್ ಲ್ಯಾಬ್ಸ್ ಸಂಸ್ಥೆಯ ಕ್ಲಾಡ್ ಶ್ಯಾನನ್ 1950ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿದ್ಯೆಗೆ ಬುನಾದಿ ಹಾಕಿತು. ನ್ಯೂಜೆರ್ಸಿಯ ಮರೆ ಹಿಲ್‌ನಲ್ಲಿರುವ ಅದೇ ಸಂಸ್ಥೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಜೋ ಕಾಂಡನ್ ರೂಪಿಸಿದ 'ಬೆಲ್' ಎಂಬ ಯಂತ್ರ 1980ರಲ್ಲಿ ಕಂಪ್ಯೂಟರ್ ಚದುರಂಗದ ವಿಶ್ವವಿಜೇತನಾಯಿತು; 1983ರಲ್ಲಿ 'ಮಾಸ್ಟರ್' ದರ್ಜೆಗೇರಿತು. ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಬೆಳೆದ 'ಡೀಪ್ ಬ್ಲೂ' 1997ರ ಮೇ ತಿಂಗಳಲ್ಲಿ ಮ್ಯಾನ್‌ಹಟನ್‌ನಲ್ಲಿ ಗ್ಯಾರಿ ಕ್ಯಾಸ್ಪರೋವ್ ಅವರನ್ನು 3.5–2.5 ಅಂಕಗಳಿಂದ ಸೋಲಿಸಿತು.

ಇವೆಲ್ಲ ಪ್ರಯೋಗಾಲಯದ ದೈತ್ಯ ಯಂತ್ರಗಳು. ಮನೆಗಳಿಗೆ ಬಂದವು ಬೇರೆ: 1978ರ 'ಸಾರ್ಗನ್', 1986ರ 'ಚೆಸ್‌ಮಾಸ್ಟರ್ 2000', 1991ರ 'ಫ್ರಿಟ್ಜ್'. ಮೈಸೂರಿನಲ್ಲಿ ಎಂಬಿಬಿಎಸ್ ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನ ಕಂಪ್ಯೂಟರಿನಲ್ಲಿ ಚೆಸ್‌ಮಾಸ್ಟರ್ ಇತ್ತು. ಅದರ ಮಟ್ಟವನ್ನು ಇಳಿಸಿಕೊಂಡು ಆಡುತ್ತಿದ್ದೆವು. ಅದು ನಮ್ಮೊಡನೆ ಆಡುವ ಎದುರಾಳಿಯಾಗಿತ್ತು. ಸೋತರೆ ಏಕೆ ಸೋತೆವೆಂದು ನಡುರಾತ್ರಿಯವರೆಗೆ ನಾವೇ ವಾದಿಸಬೇಕಾಗಿತ್ತು.

ಇಂದಿನ ತಂತ್ರಾಂಶದ ಸ್ವರೂಪವೇ ಬೇರೆ. 2008ರಲ್ಲಿ ಹುಟ್ಟಿದ 'ಸ್ಟಾಕ್‌ಫಿಶ್' ಉಚಿತ; ಯಾರ ಫೋನಿನಲ್ಲಾದರೂ ನಡೆಯುತ್ತದೆ. ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಾನಗಳನ್ನು ಪರಿಶೀಲಿಸುತ್ತಿತ್ತು. ಫೋನಿನಲ್ಲಿರುವ ಸ್ಟಾಕ್‌ಫಿಶ್ ಅದರ ಹತ್ತರಲ್ಲೊಂದು ಪಾಲನ್ನೂ ನೋಡದು. ಆದರೂ ಅದಕ್ಕಿಂತ ಬಹಳ ಬಲಶಾಲಿ. ನಿಷ್ಪ್ರಯೋಜಕ ನಡೆಗಳನ್ನು ಬೇಗನೆ ಕೈಬಿಡುವ ಜಾಣ್ಮೆ ಇದಕ್ಕೆ ಒಂದು ಕಾರಣ. ಬೆಲೆಕಟ್ಟುವ ವಿಧಾನ ಇನ್ನೊಂದು. ಹಿಂದೆ ಆನೆಗೆ ಐದು, ಕುದುರೆಗೆ ಮೂರು ಎಂಬಂತಹ ನಿಯಮಗಳನ್ನು ಮನುಷ್ಯರೇ ಬರೆದುಕೊಡುತ್ತಿದ್ದರು. 2020ರಿಂದೀಚೆಗೆ ಅಸಂಖ್ಯ ಸ್ಥಾನಗಳಿಂದ ತಾನೇ ಕಲಿತ ನ್ಯೂರಲ್ ನೆಟ್‌ವರ್ಕ್ ಆ ಕೆಲಸ ಮಾಡುತ್ತಿದೆ. ಅದು ಒಂದು ಅಂಕಿಯನ್ನು ಕೊಡುತ್ತದೆ, ಕಾರಣವನ್ನು ಕೊಡುವುದಿಲ್ಲ. ಮನೆಯ ಎದುರಾಳಿ ಹೀಗೆ ಮನೆಯ ನ್ಯಾಯಾಧೀಶನಾಗಿದ್ದಾನೆ.

ಇದರಿಂದಾದ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ವಿಶ್ವವಿಜೇತರು ಬಳಸುವ ಸಾಧನವೇ ಚಿಕ್ಕಮಗಳೂರಿನ ಹಳ್ಳಿಯ ಮಗುವಿಗೂ ಎಡಿಸನ್‌ನ ಮಗುವಿಗೂ ಬಿಡಿಗಾಸಿಲ್ಲದೆ ದೊರೆಯುವುದು ಸಣ್ಣ ಮಾತಲ್ಲ. ನನ್ನ ಆಕ್ಷೇಪವೆಲ್ಲ ಅದನ್ನು ತೆರೆಯುವ ಹೊತ್ತಿನ ಬಗ್ಗೆ.

ವೈದ್ಯವೃತ್ತಿಯಲ್ಲಿ ಇದರ ಪರಿಚಯ ನನಗೆ ಚೆನ್ನಾಗಿಯೇ ಇದೆ. ಹೊಟ್ಟೆನೋವೆಂದು ಬಂದ ರೋಗಿಯ ಸ್ಕ್ಯಾನ್ ವರದಿಯನ್ನು ಮೊದಲು ಓದಿದ ವಿದ್ಯಾರ್ಥಿ ಅನಂತರ ಹೊಟ್ಟೆಯನ್ನು ಮುಟ್ಟಿ ನೋಡಿದರೂ ಅವನ ಬೆರಳು ವರದಿ ಹೇಳಿದ ಜಾಗಕ್ಕೇ ಹೋಗುತ್ತದೆ. ವರದಿ ನಿಜವೇ ಇರಬಹುದು. ಆದರೆ ಆ ಕೈ ಏನನ್ನೂ ಕಲಿಯಲಿಲ್ಲ. ಮೊದಲು ತಾನೇ ಊಹಿಸಿ, ಬರೆದಿಟ್ಟು, ಬಳಿಕ ವರದಿ ನೋಡಿ ತಪ್ಪಿದ್ದರೆ ತಿದ್ದಿಕೊಂಡವನೇ ಮುಂದೆ ವೈದ್ಯನಾಗುತ್ತಾನೆ. ಚದುರಂಗದ ಮಗುವಿಗೂ ಇದೇ ಕ್ರಮ ಸಲ್ಲುತ್ತದೆ. ಆಟ ಮುಗಿದ ಕೂಡಲೇ ತೆರೆಯ ಮೇಲಿನ ಅಂಕಿಯನ್ನು ನೋಡುವ ಮಗು ತನ್ನ ಯೋಚನೆಯನ್ನು ನಂಬುವುದನ್ನು ನಿಧಾನವಾಗಿ ಬಿಡುತ್ತದೆ. ಆಟದ ನಡುವೆಯೇ ನೋಡಿಬಿಡೋಣವೆಂಬ ಆಸೆಗೆ ಅಲ್ಲಿಂದ ದೂರ ಬಹಳವಿಲ್ಲ. ನನ್ನ ಮಗ ಆ ದೂರವನ್ನು ಒಂದು ಚಳಿಗಾಲದಲ್ಲಿ ಕ್ರಮಿಸಿದ.

ಆದುದರಿಂದ ನಮ್ಮ ಕೂಟದ ಮಕ್ಕಳ ಚದುರಂಗ ಕೂಟಕ್ಕೆ ಒಂದು ಪದ್ಧತಿಯನ್ನು ಸೂಚಿಸಬಯಸುತ್ತೇನೆ. ಮಕ್ಕಳು ತಮ್ಮ ನಡೆಗಳನ್ನು ಕೈಯಲ್ಲೇ ಬರೆದುಕೊಳ್ಳಲಿ. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಜೊತೆಯಲ್ಲಿ ಕುಳಿತು, ಎಲ್ಲಿ ಸಂಶಯ ಬಂತು, ಏನನ್ನು ಕಾಣದೆ ಹೋದೆವು ಎಂಬುದನ್ನು ಅರ್ಧ ಗಂಟೆ ಮಾತಾಡಲಿ. ಕನ್ನಡದಲ್ಲೇ ಮಾತಾಡಿದರೆ ಆನೆ, ಒಂಟೆ, ಕಾಲಾಳುಗಳಾದರೂ ಅವರ ನಾಲಗೆಯಲ್ಲಿ ಉಳಿದಾವು. ತಂತ್ರಾಂಶವನ್ನು ತೆರೆಯುವುದು ಆಮೇಲೆ. ದೊಡ್ಡವರೂ ಸೇರಿದಂತೆ ಎಲ್ಲರ ಫೋನುಗಳೂ ಬಾಗಿಲ ಬಳಿ ಚಪ್ಪಲಿಗಳ ಪಕ್ಕದ ಬುಟ್ಟಿಯಲ್ಲಿರಲಿ.

ನಮ್ಮ ಮನೆಯಲ್ಲಿ ಇದು ನಾಲ್ಕು ತಿಂಗಳಿಂದ ನಡೆದಿದೆ. ಮಗ ಮೊದಲಿಗಿಂತ ಹೆಚ್ಚು ಸೋಲುತ್ತಿದ್ದಾನೆ. ಆದರೆ ಕಳೆದ ಭಾನುವಾರ ತನ್ನ ನೋಟ್‌ಬುಕ್ ತಂದು, "ಅಪ್ಪಾ, ಇಲ್ಲಿ ಕುದುರೆ ಕೊಟ್ಟಿದ್ದು ತಪ್ಪಲ್ಲ ಅಂತ ನನಗನ್ನಿಸುತ್ತೆ, ನೋಡಿ" ಎಂದ. ತಂದೆ ಮಕ್ಕಳಿಬ್ಬರೂ ಮಣೆಯ ಮುಂದೆ ಒಂದು ಗಂಟೆ ಕುಳಿತೆವು. ಕಂಪ್ಯೂಟರ್ ಏನು ಹೇಳುತ್ತದೆಂದು ಕೇಳುವುದು ಇಬ್ಬರಿಗೂ ಮರೆತೇಹೋಗಿತ್ತು.