ನಾಣ್ಯದಗಲದ ಆಮೆ, ದಶಕಗಳ ಹೊಣೆ

ಬಣ್ಣದ ಮೀನು ಮಾರುವ ಅಂಗಡಿಯ ಗಾಜಿನ ಬಟ್ಟಲಿನಲ್ಲಿ ಹಸಿರು ಆಮೆಮರಿಯೊಂದು ಕೈಕಾಲು ಬಡಿಯುತ್ತಿರುತ್ತದೆ. ಚಿಪ್ಪು ನಾಣ್ಯಕ್ಕಿಂತ ತುಸು ದೊಡ್ಡದು; ಕಣ್ಣಿನ ಹಿಂದೆ ಕುಂಕುಮದ ಗೀರಿನಂತೆ ಕೆಂಪು ಪಟ್ಟೆ. ಕೊಳ್ಳಲು ಬಂದವರ ಪ್ರಶ್ನೆ ಒಂದೇ: ‘ಇದು ಇಷ್ಟೇ ಇರುತ್ತದೆಯೆ?’ ‘ಬಟ್ಟಲು ಚಿಕ್ಕದಿದ್ದರೆ ಆಮೆಯೂ ಚಿಕ್ಕದಾಗಿಯೇ ಉಳಿಯುತ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮನೆಗೆ ಅದೃಷ್ಟ ತರುತ್ತದೆಂಬ ವಾಸ್ತುವಿನ ಮಾತು ಅದರ ಮೇಲಿನ ಕೊಸರು. ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಯ ಚೀಲದಲ್ಲಿ, ತಮ್ಮನಿಗೊಂದು ಉಡುಗೊರೆಯಾಗಿ, ಅದು ಮಲೆನಾಡಿನ ಬಸ್ಸು ಹತ್ತುತ್ತದೆ.

ಆ ಉತ್ತರ ಶುದ್ಧ ಸುಳ್ಳು. ಅಮೆರಿಕದ ಮಿಸಿಸಿಪ್ಪಿ ನದೀಕೊಳ್ಳದ ಈ ಕೆಂಪುಕಿವಿ ಆಮೆಯ ಹೆಣ್ಣು 25 ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲದು. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕಬಲ್ಲದು. ಬಟ್ಟಲಿನಲ್ಲಿ ಅದು ಚಿಕ್ಕದಾಗಿ ಉಳಿದಿದ್ದರೆ ಅದು ಕೊರಗಿದೆಯೆಂದೇ ಅರ್ಥ. ನೀರಿನಿಂದ ಮೇಲೆ ಬಂದು ಮೈ ಒಣಗಿಸಿಕೊಳ್ಳಲು ಕಲ್ಲಿಲ್ಲ, ಬಿಸಿಲಿಲ್ಲ, ಆಹಾರದಲ್ಲಿ ಸುಣ್ಣದಂಶವಿಲ್ಲ. ಹೀಗಾದಾಗ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ, ಎ ಜೀವಸತ್ವದ ಕೊರತೆಯಿಂದ ಕಣ್ಣು ಊದಿ ಮುಚ್ಚಿಕೊಳ್ಳುತ್ತದೆ. ಮನೆಯವರು ‘ಪಾಪದ ಪ್ರಾಣಿ, ಸದ್ದೇ ಇಲ್ಲ’ ಎನ್ನುತ್ತಾರೆ. ನರಳುವಾಗ ಕೂಗುವ ಶಕ್ತಿ ಆಮೆಗಿದ್ದಿದ್ದರೆ ಈ ವ್ಯಾಪಾರ ಇಷ್ಟು ಬೆಳೆಯುತ್ತಿರಲಿಲ್ಲ.

ಈ ಜೀವಿಯ ತವರಿನಲ್ಲೇ ನಡೆದುದನ್ನು ಗಮನಿಸಬೇಕು. ಮರಿಗಳನ್ನು ಆಡಿಸಿದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತಿದ್ದುದರಿಂದ ಅಮೆರಿಕ ಸರಕಾರ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆದರೆ ಸಾಕಣೆ ಕೇಂದ್ರಗಳು ಮುಚ್ಚಲಿಲ್ಲ. ಸರಕನ್ನು ಹೊರದೇಶಗಳಿಗೆ ತಿರುಗಿಸಿದವು. 1989ರಿಂದ 1997ರವರೆಗೆ ಅಲ್ಲಿಂದ ರಫ್ತಾದ ಕೆಂಪುಕಿವಿ ಆಮೆಗಳು 5 ಕೋಟಿಗೂ ಹೆಚ್ಚು. ತಮ್ಮ ಮಕ್ಕಳಿಗೆ ಬೇಡವೆಂದದ್ದನ್ನು ಜಗತ್ತಿನ ಮಕ್ಕಳಿಗೆ ಮಾರುವ ನೀತಿ ಇದು. ಯುರೋಪಿನ ದೇಶಗಳು 1997ರಲ್ಲಿ ಆಮದಿಗೆ ತಡೆ ಹಾಕಿದವು. ಜಪಾನ್ 2023ರಲ್ಲಿ ಮಾರಾಟವನ್ನೂ ನೀರಿಗೆ ಬಿಡುವುದನ್ನೂ ನಿಷೇಧಿಸಿತು.

ಬಟ್ಟಲು ಸಾಲದಾಗಿ, ನೀರು ನಾರತೊಡಗಿದ ದಿನ ಎರಡನೆಯ ಅಪರಾಧ ನಡೆಯುತ್ತದೆ, ಅದೂ ಪುಣ್ಯಕಾರ್ಯದ ವೇಷದಲ್ಲಿ. ಕೂರ್ಮಾವತಾರವನ್ನು ನೆನೆದು, ಕೈಮುಗಿದು, ಆಮೆಯನ್ನು ಊರಿನ ಕೆರೆಗೆ ಬಿಟ್ಟು ಬರುತ್ತಾರೆ. ಮೀನುಮರಿ, ಗೊದಮೊಟ್ಟೆ, ಬಸವನಹುಳು, ನೀರಸಸ್ಯ ಯಾವುದನ್ನೂ ಬಿಡದೆ ತಿನ್ನುವ, ಬಿಸಿಲು ಕಾಯುವ ಕಲ್ಲಿನಿಂದ ಸ್ಥಳೀಯ ಆಮೆಗಳನ್ನು ತಳ್ಳಿಬಿಡುವ ಈ ಜಾತಿಯು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. 2018ರಲ್ಲಿ ಕೇರಳದ ತ್ರಿಶೂರಿನ ಕಾಲುವೆಯೊಂದರಲ್ಲಿ ಅದು ಕಂಡಾಗ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆ ಎಚ್ಚರಿಕೆ ನೀಡಬೇಕಾಯಿತು. ರಭಸದ ತಣ್ಣನೆಯ ಹಳ್ಳ ಅದಕ್ಕೆ ಒಗ್ಗದಿರಬಹುದು. ಆದರೆ ನಿಂತ ನೀರೆಂದರೆ ಅದಕ್ಕೆ ಹಬ್ಬ. ಹಿನ್ನೀರಿನ ವಿಷಯದಲ್ಲಂತೂ ಯಾವ ಸರಕಾರವೂ ಮಲೆನಾಡಿಗೆ ಕೊರತೆ ಮಾಡಿಲ್ಲ. ಬೇರೆಲ್ಲೂ ಇಲ್ಲದ ಮೀನು, ಕಪ್ಪೆಗಳು ಸಹ್ಯಾದ್ರಿಯ ನೀರಿನಲ್ಲಿವೆ. ಅವಕ್ಕೆ ಓಡಿಹೋಗಲು ಇನ್ನೊಂದು ನಾಡಿಲ್ಲ.

‘ವಿದೇಶಿ ಬೇಡ, ಗದ್ದೆಯಂಚಿನ ಕಪ್ಪು ಆಮೆಯನ್ನೇ ಸಾಕೋಣ’ ಎನ್ನುವವರೂ ಇದ್ದಾರೆ. ಅದು ಕಾಡುಜೀವಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಿಡಿದು ಸಾಕುವುದು ಅಪರಾಧ. ಘಟ್ಟದ ನಿತ್ಯಹರಿದ್ವರ್ಣ ಕಾಡಿನ ನೆಲದಲ್ಲಿ ಬದುಕುವ, ಅಂಗೈಯಗಲದ ಬೆತ್ತದ ಆಮೆಯ ಕಥೆ ಇನ್ನೂ ಸೂಕ್ಷ್ಮ. 1912ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಅದು ದಶಕಗಳ ಕಾಲ ಸಂಶೋಧಕರ ಕಣ್ಣಿಗೆ ಬೀಳಲೇ ಇಲ್ಲ, 1982ರಲ್ಲಿ ಜೆ. ವಿಜಯಾ ಎಂಬ ತರುಣಿ ಕೇರಳದ ಕಾಡಿನಲ್ಲಿ ಅದನ್ನು ಮತ್ತೆ ಪತ್ತೆಹಚ್ಚಿದರು. ಅದರ ಕುಲಕ್ಕೆ ಇಂದು ಅವರದೇ ಹೆಸರು. ಅಂಥದೊಂದು ಜೀವಿ ಎಲೆರಾಶಿಯಲ್ಲಿ ಕಂಡರೆ ದಾರಿ ಬಿಟ್ಟು ನಿಲ್ಲಬೇಕಲ್ಲದೆ ಬುಟ್ಟಿ ತರಲು ಓಡಬಾರದು.

ಇನ್ನು ನಿಜವಾಗಿಯೂ ಚಿಕ್ಕದಾಗಿ ಉಳಿಯುವ ಜಾತಿಗಳಿವೆಯೆಂಬ ವಾದ. ಉತ್ತರ ಅಮೆರಿಕದ ಕಸ್ತೂರಿ ಆಮೆ ಗೇಣುದ್ದ ದಾಟುವುದಿಲ್ಲವೆಂಬುದು ನಿಜ. ಆದರೆ ಅದಕ್ಕೂ ಶುದ್ಧ ನೀರು, ಸೋಸುವ ಯಂತ್ರ, ಬಿಸಿಲಿನ ದೀಪ ಬೇಕು, ಆಯುಷ್ಯವೂ ದಶಕಗಳದ್ದೇ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಹಳ್ಳಿಯಲ್ಲಿ ಅದರ ಗತಿಯೇನು? ಸಾಕಲು ಹೊರಟ ಹುಡುಗ ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ ತೊಟ್ಟಿ ತೊಳೆಯುವವರು ಯಾರು? ಸಾಮಾನ್ಯವಾಗಿ ತಾಯಿಯೇ.

ಸ್ವದೇಶಿ ಆಮೆಗೆ ಕಾನೂನಿನ ಕಾವಲು, ವಿದೇಶಿ ಆಮೆಗೆ ತೆರೆದ ಮಾರುಕಟ್ಟೆ ಎಂಬ ವಿಚಿತ್ರವೇ ಈ ವ್ಯಾಪಾರವನ್ನು ಪೋಷಿಸಿದೆ. ಆಕ್ರಮಣಕಾರಿ ವಿದೇಶಿ ಜೀವಿಗಳ ಆಮದು ಮತ್ತು ಮಾರಾಟವನ್ನು ನಿಯಂತ್ರಿಸುವ ಅಧಿಕಾರವನ್ನು 2022ರ ತಿದ್ದುಪಡಿ ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಅದನ್ನು ಕೆಂಪುಕಿವಿಯ ಮೇಲೆ ಬಳಸಬೇಕೆಂದು ಗ್ರಾಮಸಭೆಗಳೂ ಕಾಲೇಜುಗಳ ಪರಿಸರ ಸಂಘಗಳೂ ಒತ್ತಾಯಿಸಬೇಕು. ಈಗಾಗಲೇ ತಂದವರು ಅದನ್ನು ಯಾವ ಕಾರಣಕ್ಕೂ ಹಳ್ಳಕ್ಕೋ ಪುಷ್ಕರಿಣಿಗೋ ಬಿಡದೆ, ದೊಡ್ಡ ತೊಟ್ಟಿ, ಬಿಸಿಲು, ಒಣಗಲು ಕಲ್ಲು ಒದಗಿಸಿ ಕೊನೆಯವರೆಗೂ ಸಾಕಬೇಕು. ಮುಟ್ಟಿದ ಮಕ್ಕಳ ಕೈಯನ್ನು ಸೋಪು ಹಾಕಿ ತೊಳೆಸಬೇಕು. ಸಾಕಲಾಗದವರಿಂದ ಆಮೆಗಳನ್ನು ಪಡೆದಿಡಲು ಪ್ರತಿ ತಾಲ್ಲೂಕಿನಲ್ಲಿ ಅರಣ್ಯ ಇಲಾಖೆ ಒಂದು ತೊಟ್ಟಿಯನ್ನಾದರೂ ಕಟ್ಟಿಸಲಿ. ಅಲ್ಲಿಯವರೆಗೆ ಊರಿನ ಕೆರೆಯ ದಂಡೆಯಲ್ಲಿ ‘ಆಮೆ ಬಿಡಬೇಡಿ’ ಎಂಬ ಹಲಗೆಯನ್ನು ಪಂಚಾಯಿತಿಯೇ ನೆಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.