ಪತ್ತೇದಾರ ಯಾರಿಗಾಗಿ ಬಂದ?

ಕಳೆದ ವಾರ ನಮ್ಮ ಕಚೇರಿಯ ಕೆಳಗಿನ ಹೋಟೆಲಿನಲ್ಲಿ ನಾಲ್ಕಾರು ತರುಣ ಮಿತ್ರರು ಚಹ ಆರಿಹೋಗುವವರೆಗೂ ಒಂದು ಸಿನಿಮಾದ ಮೇಲೆ ವಾದಕ್ಕೆ ಬಿದ್ದಿದ್ದರು. ಚಿತ್ರದ ಹೆಸರು 'ಅಮೆರಿಕನ್ ಸೈಕೊ'. 2000ದಲ್ಲಿ ತೆರೆಗೆ ಬಂದದ್ದು. ಇಪ್ಪತ್ತೈದು ವರ್ಷ ಕಳೆದರೂ ಅದರ ತುಣುಕುಗಳು ಹುಡುಗರ ಮೊಬೈಲುಗಳಲ್ಲಿ ಓಡಾಡುತ್ತಲೇ ಇವೆ. ವಾದವಿದ್ದದ್ದು ಇಷ್ಟೆ: ಚಿತ್ರದ ನಾಯಕ ಅಷ್ಟೊಂದು ಜನರನ್ನು ನಿಜವಾಗಿಯೂ ಕೊಂದನೆ, ಅಥವಾ ಎಲ್ಲವೂ ಅವನ ಕೆಟ್ಟ ತಲೆಯೊಳಗಿನ ಭ್ರಮೆಯೆ? ಮಧ್ಯಸ್ಥಿಕೆಗೆ ನಮ್ಮನ್ನು ಕರೆದರು. ನೋಡದ ಚಿತ್ರಕ್ಕೆ ತೀರ್ಪು ಕೊಡುವುದು ನಮ್ಮಿಂದಾಗದು. ಆದ್ದರಿಂದ ಕುಳಿತು ನೋಡಿದೆವು. ನೋಡಿ ಮುಗಿಸಿದ ಮೇಲೆ ನಮಗೆ ಅನ್ನಿಸಿದ್ದು, ಮಿತ್ರರು ತಪ್ಪು ಪ್ರಶ್ನೆ ಹಿಡಿದುಕೊಂಡು ಜಗ್ಗಾಡಿದರು ಎಂದು.

ಗಿರಣಿ ಕೆಲಸಗಾರರ ಪತ್ರಿಕೆಗೆ ನ್ಯೂಯಾರ್ಕಿನ ಕೊಲೆಗಡುಕನ ಉಸಾಬರಿ ಏಕೆ ಎಂದು ಹಿರಿಯ ವಾಚಕರು ಹುಬ್ಬು ಗಂಟಿಕ್ಕಬಹುದು. ಗಿರಣಿಯ ಮಾತಿಗೆ ಬರುತ್ತೇವೆ, ಸ್ವಲ್ಪ ತಾಳಬೇಕು.

ಬ್ರೆಟ್ ಈಸ್ಟನ್ ಎಲ್ಲಿಸ್ ಎಂಬಾತ 1991ರಲ್ಲಿ ಪ್ರಕಟಿಸಿದ ಕಾದಂಬರಿ ಈ ಚಿತ್ರಕ್ಕೆ ಮೂಲ. ಅದರೊಳಗಿನ ಹಿಂಸೆಯ ಸುದ್ದಿ ಹಬ್ಬಿ, ಮೊದಲು ಒಪ್ಪಿಕೊಂಡಿದ್ದ ಪ್ರಕಾಶಕರು ಹಿಂದೆಗೆದರು. ಬೇರೆಯವರು ಅಚ್ಚು ಹಾಕಿದರು. ಹೆಂಗಸರ ಸಂಘಗಳು ಪುಸ್ತಕವನ್ನು ಬಹಿಷ್ಕರಿಸಲು ಕರೆ ಕೊಟ್ಟವು. ಕಡೆಗೆ ಅದನ್ನು ಚಿತ್ರವಾಗಿಸಿದವರೂ ಹೆಂಗಸರೇ. ನಿರ್ದೇಶಕಿ ಮೇರಿ ಹ್ಯಾರನ್, ಚಿತ್ರಕಥೆಯಲ್ಲಿ ಜೊತೆಗೂಡಿದವರು ಗಿನಿವೀರ್ ಟರ್ನರ್. ಪುಸ್ತಕದ ರಕ್ತದಲ್ಲಿ ಮುಕ್ಕಾಲು ಪಾಲನ್ನು ಅವರು ಚೆಲ್ಲಿಬಿಟ್ಟು, ನಗೆಯನ್ನು ಉಳಿಸಿಕೊಂಡರು. ಒಳ್ಳೆಯದನ್ನೇ ಮಾಡಿದರು ಎನ್ನುತ್ತೇವೆ.

ನಾಯಕನ ಹೆಸರು ಪ್ಯಾಟ್ರಿಕ್ ಬೇಟ್‌ಮನ್. ಪಾತ್ರ ವಹಿಸಿದವನು ಕ್ರಿಶ್ಚಿಯನ್ ಬೇಲ್. ಕಾಲ 1980ರ ದಶಕ, ಸ್ಥಳ ನ್ಯೂಯಾರ್ಕಿನ ಷೇರು ಪೇಟೆಯ ಬೀದಿ. ಇಪ್ಪತ್ತೇಳು ವರ್ಷದ ಹುಡುಗ. ಕಂಪನಿಯೋ ಹೆಚ್ಚು ಕಡಿಮೆ ತಂದೆಯದೇ. ಬೆಳಿಗ್ಗೆ ಎದ್ದರೆ ಮುಖಕ್ಕೆ ಲೇಪ, ಮೈಗೆ ಲೇಪ, ಸಾವಿರ ಬಾರಿ ಹೊಟ್ಟೆಯ ಕಸರತ್ತು. ಕಚೇರಿಗೆ ಹೋದರೆ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂಡುತ್ತಾನೆ, ಪದಬಂಧ ತುಂಬುತ್ತಾನೆ, ಯಾವ ಹೋಟೆಲಿನಲ್ಲಿ ರಾತ್ರಿಯೂಟಕ್ಕೆ ಮೇಜು ಸಿಕ್ಕೀತೆಂದು ಯೋಚಿಸುತ್ತಾನೆ. ಚಿತ್ರದುದ್ದಕ್ಕೂ ಅವನು ಮಾಡಿದ ಒಂದು ತಾಸಿನ ಕೆಲಸವನ್ನೂ ನಾವು ಕಾಣೆವು. ಅಷ್ಟು ಬೇಸರವಾದರೆ ಬಿಟ್ಟುಬಿಡಬಾರದೆ ಎಂದು ಮದುವೆಯಾಗಬೇಕಾದ ಹುಡುಗಿ ಕೇಳಿದರೆ, ಎಲ್ಲರ ನಡುವೆ ಸೇರಿಕೊಂಡಿರಬೇಕು ಎಂಬುದೇ ಅವನ ಉತ್ತರ.

ವಿಸಿಟಿಂಗ್ ಕಾರ್ಡಿನ ದೃಶ್ಯ ಜಗತ್ಪ್ರಸಿದ್ಧವಾಗಿದೆ. ಅದಕ್ಕೆ ಆ ಪ್ರಸಿದ್ಧಿ ಸಲ್ಲಬೇಕಾದದ್ದೇ. ತರುಣರು ಮೇಜಿನ ಸುತ್ತ ಕುಳಿತು ತಮ್ಮ ತಮ್ಮ ಕಾರ್ಡುಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾರೆ. ಒಂದು ಮೂಳೆಯ ಬಣ್ಣದ್ದು, ಇನ್ನೊಂದು ಮೊಟ್ಟೆಯ ಚಿಪ್ಪಿನ ಬಣ್ಣದ್ದು. ನಮ್ಮ ಕಣ್ಣಿಗೆ ಎರಡೂ ಬಿಳಿ. ಎಲ್ಲ ಕಾರ್ಡಿನ ಮೇಲೂ ಒಂದೇ ಹುದ್ದೆ, 'ಉಪಾಧ್ಯಕ್ಷ'. ಒಂದೇ ಟೆಲಿಫೋನ್ ಸಂಖ್ಯೆ. ಪಾಲ್ ಅಲೆನ್ ಎಂಬವನ ಕಾರ್ಡು ಹೊರಬಿದ್ದು, ಅದರ ದಪ್ಪ, ಅದರೊಳಗಿನ ನೀರಚ್ಚು ಕಂಡಾಗ ಬೇಟ್‌ಮನ್ನನ ಕೈ ನಡುಗುತ್ತದೆ, ಹಣೆ ಬೆವರುತ್ತದೆ. ಊರಿನಲ್ಲಿ ಮದುವೆಯ ಕಾರ್ಡು ಅಚ್ಚು ಹಾಕುವ ನಮ್ಮ ಮಿತ್ರರಿಗೆ ಒಂದು ಮಾತು: ಅವನು ಹೆಮ್ಮೆಯಿಂದ ಹೆಸರಿಸುವ ಅಕ್ಷರದ ಮಾದರಿ ಪ್ರಪಂಚದ ಯಾವ ಅಚ್ಚುಕೂಟದಲ್ಲಿಯೂ ಇಲ್ಲ, ಕಟ್ಟುಕತೆ. ಇಷ್ಟೆಲ್ಲ ನಾಜೂಕಿನ ಆ ಕಾರ್ಡುಗಳ ಮೇಲೆ ಕಸುಬಿನ ಹೆಸರಿನಲ್ಲೇ ಒಂದು ಇಂಗ್ಲಿಷ್ ಅಕ್ಷರ ಬಿಟ್ಟುಹೋಗಿದೆ! ನಮ್ಮ ಅಚ್ಚಿನ ಹುಡುಗನ ಕೈಯಲ್ಲಿ ಇಂಥ ತಪ್ಪಾಗಿದ್ದರೆ ಗಿರಾಕಿ ಹಣ ಕೊಡದೆ ಹೋಗುತ್ತಿದ್ದ. ಅಲ್ಲಿ ಯಾರೂ ಓದುವುದೇ ಇಲ್ಲ, ಕಾಗದವನ್ನು ಸವರುತ್ತಾರೆ, ಅಷ್ಟೆ.

ಕಾರ್ಡಿನ ಉರಿ ಆರುವ ಮೊದಲೇ ಬರುವ ದೃಶ್ಯವನ್ನು ಹುಡುಗರು ತುಣುಕು ಮಾಡಿ ಹಂಚಿಕೊಂಡದ್ದನ್ನು ನಾವು ಕಂಡಿಲ್ಲ. ರಾತ್ರಿ ಓಣಿಯೊಂದರಲ್ಲಿ ಒಬ್ಬ ನಿರ್ಗತಿಕ ನಾಯಿಯೊಂದನ್ನು ಇಟ್ಟುಕೊಂಡು ಮಲಗಿದ್ದಾನೆ. ಬೇಟ್‌ಮನ್ ಬಾಗಿ, ಬಹಳ ಮರ್ಯಾದೆಯಿಂದ ಹೆಸರು ಕೇಳುತ್ತಾನೆ. ಅಲ್ ಎಂದು ಹೇಳುತ್ತಾನೆ. ಕೆಲಸವೇಕಿಲ್ಲ? ತೆಗೆದುಹಾಕಿದರು. ಕುಡಿಯುತ್ತಿದ್ದೆಯಾ ಎಂದು ಕೇಳಿದ್ದೂ ಆಯಿತು, ಬೇರೆ ಕೆಲಸ ಹುಡುಕಬಾರದೆ ಎಂದು ಬುದ್ಧಿ ಹೇಳಿದ್ದೂ ಆಯಿತು. ನಿನ್ನ ಮನೋಭಾವವೇ ಸರಿಯಿಲ್ಲ ಎಂದದ್ದೂ ಆಯಿತು. ಆಮೇಲೆ ಚೂರಿ ತೆಗೆದು ತಿವಿಯುತ್ತಾನೆ. ನಾಯಿಯನ್ನು ಬೂಟುಗಾಲಿನಲ್ಲಿ ತುಳಿಯುತ್ತಾನೆ.

ಚೂರಿಗಿಂತ ಮೊದಲಿನ ಮಾತುಗಳನ್ನು ಓದುಗರು ಇನ್ನೊಮ್ಮೆ ಓದಬೇಕು. ಲಾಕೌಟಿನ ಗೇಟಿನ ಮುಂದೆ ನಿಂತವರಿಗೆ ಅವು ಹೊಸವಲ್ಲ.

ಮುಂದೆ ಪಾಲ್ ಅಲೆನ್‌ನ ಸರದಿ. ಅವನ ಅಪರಾಧವೇನು? ಕಾರ್ಡು ಚೆನ್ನಾಗಿತ್ತು, ದೊಡ್ಡ ಗಿರಾಕಿಯ ಲೆಕ್ಕ ಅವನ ಕೈಯಲ್ಲಿತ್ತು, ಬೇಟ್‌ಮನ್ ಕೇಳಿದರೆ ಫೋನಿನಲ್ಲಿ ನಕ್ಕುಬಿಡುವ ಹೋಟೆಲಿನಲ್ಲಿ ಅವನಿಗೆ ಮೇಜು ಸಿಗುತ್ತಿತ್ತು. ಇವನು ಮನೆಗೆ ಕರೆದು, ನೆಲಕ್ಕೆ ವರ್ತಮಾನ ಪತ್ರಿಕೆ ಹಾಸಿ, ಸೂಟು ಕೆಡದಂತೆ ಮಳೆಯಂಗಿ ತೊಟ್ಟು, ಕೊಡಲಿ ಎತ್ತುತ್ತಾನೆ. ಹೆಣವನ್ನು ಚೀಲದಲ್ಲಿ ತುಂಬಿ ಬೀದಿಗೆ ಎಳೆದು ತಂದರೆ ಎದುರಿಗೆ ಸಿಕ್ಕ ಪರಿಚಯಸ್ಥ, ಈ ಚೀಲ ಎಲ್ಲಿ ಕೊಂಡೆ ಎಂದು ಕೇಳುತ್ತಾನೆ!

ಈಗ ನಮ್ಮ ಪ್ರಶ್ನೆ. ಪಾಲ್ ಅಲೆನ್ ಕಾಣೆಯಾದ ಕೂಡಲೇ ಪತ್ತೇದಾರನೊಬ್ಬ ಬರುತ್ತಾನೆ. ಸರ್ಕಾರದ ಪೊಲೀಸನಲ್ಲ, ಅಲೆನ್‌ನ ಕಡೆಯವರು ಹಣ ಕೊಟ್ಟು ನೇಮಿಸಿದವನು. ಬೇಟ್‌ಮನ್ನನ ಕಚೇರಿಗೆ ಮತ್ತೆ ಮತ್ತೆ ಬರುತ್ತಾನೆ, ಯಾವ ರಾತ್ರಿ ಎಲ್ಲಿದ್ದೆ ಎಂದು ಕೇಳುತ್ತಾನೆ. ಸರಿ. ಆದರೆ ಓಣಿಯ ಅಲ್‌ಗಾಗಿ ಬಂದವರು ಯಾರು? ಒಬ್ಬರೂ ಇಲ್ಲ. ಬೀದಿಯಲ್ಲಿ ನಿಂತು ಹೊಟ್ಟೆ ಹೊರೆಯುವ ಹೆಣ್ಣೊಬ್ಬಳನ್ನು ಕಾರಿನಲ್ಲಿ ಕರೆದೊಯ್ದು, ಇವತ್ತು ನಿನ್ನ ಹೆಸರು ಕ್ರಿಸ್ಟಿ ಎಂದು ತಾನೇ ನಾಮಕರಣ ಮಾಡುತ್ತಾನೆ. ಅವಳ ನಿಜವಾದ ಹೆಸರು ಚಿತ್ರ ಮುಗಿದರೂ ನಮಗೆ ತಿಳಿಯುವುದಿಲ್ಲ. ಅವಳು ಸತ್ತಾಗ ಕಾಣೆಯಾದಳೆಂದು ಬರೆದುಕೊಳ್ಳುವವರೂ ಇಲ್ಲ. ರಕ್ತದ ಹಾಸಿಗೆ ವಸ್ತ್ರಗಳನ್ನು ಬಟ್ಟೆ ತೊಳೆಯುವ ಅಂಗಡಿಗೆ ಕೊಂಡೊಯ್ದು, ಕಲೆ ಹೋಗಲಿಲ್ಲವೆಂದು ಆ ಚೀನೀ ಹೆಂಗಸಿನ ಮೇಲೆ ಹರಿಹಾಯುತ್ತಾನೆ, ಕೊಲ್ಲುತ್ತೇನೆಂದು ಬೆದರಿಸುತ್ತಾನೆ. ಅಂಗಡಿ ಇಟ್ಟುಕೊಂಡಿರುವ ನಮ್ಮ ಓದುಗರಿಗೆ ಇಂಥ ಗಿರಾಕಿಯ ದನಿಯನ್ನು ಪರಿಚಯಿಸಬೇಕಿಲ್ಲ. ಕೊನೆಯಲ್ಲಿ ಹುಚ್ಚು ಕೆರಳಿದ ರಾತ್ರಿ ಅವನು ಯಾವುದೋ ಕಟ್ಟಡವನ್ನು ತನ್ನದೆಂದುಕೊಂಡು ನುಗ್ಗುತ್ತಾನೆ. ಬೇರೆ ಹೆಸರಿನಿಂದ ಕರೆದು ಪುಸ್ತಕದಲ್ಲಿ ರುಜು ಹಾಕಲು ಕೇಳಿದ ಪಾಪದ ಕಾವಲುಗಾರ ಗುಂಡಿಗೆ ಬೀಳುತ್ತಾನೆ, ಅಲ್ಲಿದ್ದ ಜಾಡಮಾಲಿಯೂ ಬೀಳುತ್ತಾನೆ.

ಚಿತ್ರದ ಸತ್ತವರ ಪಟ್ಟಿಯಲ್ಲಿ ಪತ್ತೇದಾರನನ್ನು ಬಾಡಿಗೆಗೆ ಪಡೆಯುವ ಯೋಗ್ಯತೆ ಇದ್ದವನು ಒಬ್ಬನೇ. ಅವನ ಸಾವು ಮಾತ್ರ ಪ್ರಕರಣ. ಮಿಕ್ಕವು ಕಲೆಗಳು.

ಭ್ರಮೆಯೋ ನಿಜವೋ ಎಂಬ ಗೊಂದಲ ಬರುವುದು ಅಲೆನ್‌ನ ಪ್ರಕರಣದಿಂದಲೇ. ಎಲ್ಲ ಒಪ್ಪಿಕೊಂಡೆನೆಂದು ಬೇಟ್‌ಮನ್ ಹೇಳಿದರೆ ಅವನ ವಕೀಲ ನಗುತ್ತಾನೆ. ಇವನನ್ನೇ ಬೇರೊಬ್ಬನೆಂದು ತಿಳಿದು, ಹತ್ತು ದಿನದ ಹಿಂದೆ ಲಂಡನ್ನಿನಲ್ಲಿ ಅಲೆನ್‌ನ ಜೊತೆ ಊಟ ಮಾಡಿದೆನಲ್ಲ ಎನ್ನುತ್ತಾನೆ. ಯಾರನ್ನು ಯಾರೆಂದು ತಿಳಿದು ಊಟ ಮಾಡಿದನೋ! ಎಲ್ಲ ಕನಸು ಎಂದು ಹೇಳುವುದು ತಮ್ಮ ಉದ್ದೇಶವಾಗಿರಲಿಲ್ಲ ಎಂದು ನಿರ್ದೇಶಕಿಯೇ ಸ್ಪಷ್ಟಪಡಿಸಿದ್ದಾರೆ. ಮಧ್ಯಸ್ಥಿಕೆಗೆ ಕರೆದ ಮಿತ್ರರಿಗೆ ಇಷ್ಟು ಸಾಕು.

ಚಿತ್ರವನ್ನು ಹೊಗಳಿದ್ದಾಯಿತು. ನಮಗೊಂದು ದೂರೂ ಇದೆ. ಬೇಟ್‌ಮನ್ನನ ಕಸುಬು ಕಂಪನಿಗಳ ವಿಲೀನ ಮತ್ತು ಖರೀದಿ, ಇಂಗ್ಲಿಷಿನಲ್ಲಿ 'ಮರ್ಜರ್ಸ್ ಅಂಡ್ ಅಕ್ವಿಸಿಷನ್ಸ್'. ನಿನ್ನ ಕೆಲಸವೇನೆಂದು ಒಬ್ಬಾಕೆ ಕೇಳಿದಾಗ ಅವನು 'ಮರ್ಡರ್ಸ್ ಅಂಡ್ ಎಕ್ಸಿಕ್ಯೂಷನ್ಸ್', ಅಂದರೆ ಕೊಲೆ ಮತ್ತು ಮರಣದಂಡನೆ ಎಂದುಬಿಡುತ್ತಾನೆ. ಅವಳ ಕಿವಿಗೆ ಅದು ವಿಲೀನವೆಂದೇ ಬೀಳುತ್ತದೆ. ಒಳ್ಳೆಯ ಹಾಸ್ಯ. ಆದರೆ ಚಿತ್ರ ಅದನ್ನು ಹಾಸ್ಯವಾಗಿಯೇ ಬಿಟ್ಟು ಮುಂದೆ ಹೋಗುತ್ತದೆ. ಮೇಜಿನ ಮೇಲಿನ ಆ ಕಸುಬು ಊರುಗಳಿಗೆ ಏನು ಮಾಡಿತೆಂದು ತೋರಿಸುವುದಿಲ್ಲ. ಕ್ಯಾಮೆರಾ ಅವರ ಹೋಟೆಲು, ಅವರ ಮನೆ, ಅವರ ಮೋಟಾರು ಬಿಟ್ಟು ಆಚೆಗೆ ಕಾಲಿಡುವುದು ಕಡಿಮೆ. ಅಲ್‌ನನ್ನು ಕೆಲಸದಿಂದ ತೆಗೆದವರು ಯಾರು? ಅದನ್ನು ನಾವೇ ಹುಡುಕಿಕೊಳ್ಳಬೇಕು.

ಉತ್ತರ ಕ್ಯಾರೊಲೈನ ರಾಜ್ಯದಲ್ಲಿ ಕನ್ನಾಪೊಲಿಸ್ ಎಂಬ ಊರಿದೆ. ಕ್ಯಾನನ್ ಗಿರಣಿಯವರು 1906ರಿಂದ ಕಟ್ಟಿಸಿದ ಊರು. ಟವೆಲು, ಹಾಸಿಗೆ ವಸ್ತ್ರ ನೇಯುವ ಗಿರಣಿ. ಕೆಲಸಗಾರರ ಮನೆಗಳೂ ಗಿರಣಿಯವೇ. 1982ರಲ್ಲಿ ಕ್ಯಾಲಿಫೋರ್ನಿಯದ ಡೇವಿಡ್ ಮರ್ಡಾಕ್ ಎಂಬ ಕುಬೇರ ಅದನ್ನು ಸುಮಾರು 41 ಕೋಟಿ ಡಾಲರಿಗೆ ಕೊಂಡ. ಬೊಂಬಾಯಿಯಲ್ಲಿ ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರಕ್ಕೆ ಇಳಿದದ್ದೂ ಅದೇ ವರ್ಷ ಎಂಬುದು ನೆನಪಿರಲಿ. ನಾಲ್ಕು ವರ್ಷದೊಳಗೆ ಮರ್ಡಾಕ್ ಗಿರಣಿಯನ್ನು ಇನ್ನೊಂದು ಕಂಪನಿಗೆ ಮಾರಿದ. ಮಾರುವ ಹೊತ್ತಿಗೆ ಕೆಲಸಗಾರರ ಪಿಂಚಣಿ ನಿಧಿಯನ್ನು ಮುಚ್ಚಿ, ಲೆಕ್ಕಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿದೆ ಎಂಬ ಮೂರೂವರೆ ಕೋಟಿ ಡಾಲರಿಗೂ ಮೀರಿದ ಹಣವನ್ನು ತನ್ನ ಕಡೆಗೆ ತೆಗೆದುಕೊಂಡ. ಅಂದಿನ ಕಾನೂನು ಅದಕ್ಕೆ ಅಡ್ಡ ಬರಲಿಲ್ಲ. ಉಳಿದದ್ದನ್ನು ಎಕ್ಸಿಕ್ಯೂಟಿವ್ ಲೈಫ್ ಎಂಬ ವಿಮಾ ಕಂಪನಿಗೆ ಕೊಟ್ಟು, ಇನ್ನು ಮುಂದೆ ನಿಮ್ಮ ಪಿಂಚಣಿ ಅಲ್ಲಿಂದ ಬರುತ್ತದೆ ಎಂದು ತಿಳಿಸಲಾಯಿತು.

ಆ ವಿಮಾ ಕಂಪನಿ ಹಣ ಹೂಡಿದ್ದೆಲ್ಲಿ? ಪೇಟೆಯಲ್ಲಿ 'ಜಂಕ್ ಬಾಂಡ್' ಎನ್ನುತ್ತಾರೆ. ಗುಜರಿ ಸಾಲಪತ್ರ ಎಂದರೆ ನಮಗೆ ಅರ್ಥವಾದೀತು. ತೀರಿಸುವ ಭರವಸೆ ಕಡಿಮೆ, ಬಡ್ಡಿ ಹೆಚ್ಚು. ಕೈಯಲ್ಲಿ ಹಣವಿಲ್ಲದವರು ಸಾಲವೆತ್ತಿ ಕಂಪನಿ ಕೊಂಡು, ಸಾಲವನ್ನು ಆ ಕಂಪನಿಯ ತಲೆಗೇ ಕಟ್ಟುವ ವ್ಯವಹಾರ ನಡೆದದ್ದು ಈ ಪತ್ರಗಳ ಬಲದಿಂದ. ಬೇಟ್‌ಮನ್‌ನಂಥವರು ಊಟದ ಮೇಜಿನ ಚಿಂತೆಯ ನಡುವೆ ಮಾಡುತ್ತಿದ್ದ ಕಸುಬು ಇದೇ. ಪತ್ರಗಳನ್ನು ಮಾರುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ಮೈಕಲ್ ಮಿಲ್ಕನ್ 1987ರ ಒಂದೇ ವರ್ಷದಲ್ಲಿ 55 ಕೋಟಿ ಡಾಲರು ಸಂಪಾದಿಸಿದ. ಪೇಟೆ ಕುಸಿಯಿತು. 1991ರಲ್ಲಿ ಆ ವಿಮಾ ಕಂಪನಿಯೂ ಬಿತ್ತು. ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಮೂವತ್ತು ನಲವತ್ತು ವರ್ಷ ಮಗ್ಗದ ಮುಂದೆ ನಿಂತು ಹತ್ತಿಯ ಧೂಳು ಕುಡಿದ ಕನ್ನಾಪೊಲಿಸಿನ ಮುದುಕರಿಗೆ ಬರುತ್ತಿದ್ದ ತಿಂಗಳ ಚೆಕ್ಕಿನಲ್ಲಿ ನೂರಕ್ಕೆ ಮೂವತ್ತು ಕಡಿತವಾಯಿತು.

ಇಲ್ಲಿಯೂ ಪತ್ತೇದಾರರು ಬರಲಿಲ್ಲವೆಂದಲ್ಲ, ಬಂದರು. ಮಿಲ್ಕನ್‌ನನ್ನು ಹಿಡಿದರು, 1990ರಲ್ಲಿ ತಪ್ಪೊಪ್ಪಿಕೊಂಡ, ಹತ್ತು ವರ್ಷದ ಶಿಕ್ಷೆಯಾಗಿ ಎರಡು ವರ್ಷವೂ ತುಂಬುವ ಮೊದಲೇ ಹೊರಗೆ ಬಂದ. 2020ರಲ್ಲಿ ಅಧ್ಯಕ್ಷ ಟ್ರಂಪ್ ಅವನಿಗೆ ಕ್ಷಮಾದಾನವನ್ನೂ ಕೊಟ್ಟರು. ಕಾದಂಬರಿಯ ಬೇಟ್‌ಮನ್ ದೇವರಂತೆ ಕಾಣುವುದು ಇದೇ ಟ್ರಂಪರನ್ನು! ಆದರೆ ಮಿಲ್ಕನ್ ಸಿಕ್ಕಿಬಿದ್ದದ್ದು ಷೇರು ಪೇಟೆಯ ನಿಯಮ ಮುರಿದದ್ದಕ್ಕೆ. ಪಿಂಚಣಿ ಹೋದವರ ಪಾಲಿಗೆ ಅದು ಪಾಲ್ ಅಲೆನ್‌ನ ಪ್ರಕರಣವೇ.

ಚಿತ್ರದ ಕಡೆಯ ದೃಶ್ಯದಲ್ಲಿ ಟೆಲಿವಿಷನ್ನಿನ ಒಳಗಿನಿಂದ ಅಧ್ಯಕ್ಷ ರೇಗನ್ನರು ಮಾತನಾಡುತ್ತಿರುತ್ತಾರೆ. ಇರಾನಿಗೆ ಆಯುಧ ಮಾರಿ ನಿಕರಾಗುವದ ದಂಗೆಕೋರರಿಗೆ ಹಣ ಕೊಟ್ಟ ಹಗರಣದ ಕಾಲ ಅದು. ನೋಡಲು ನಿರಪಾಯದ ಅಜ್ಜ, ಒಳಗೆ ಏನಿದೆಯೋ ಎಂದು ಒಬ್ಬ ಶುರು ಮಾಡಿದರೆ ಯಾರಿಗೂ ಆಸಕ್ತಿಯಿಲ್ಲ. 1981ರಲ್ಲಿ ಮುಷ್ಕರ ಹೂಡಿದ ವಿಮಾನ ಸಂಚಾರ ನಿಯಂತ್ರಕರು ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಒಂದೇ ಏಟಿಗೆ ಮನೆಗೆ ಕಳಿಸಿದವರು ಈ ಅಜ್ಜನೇ. ಅತಿ ಸಿರಿವಂತರ ಆದಾಯ ತೆರಿಗೆ ನೂರಕ್ಕೆ 70 ಇದ್ದದ್ದು 28ಕ್ಕೆ ಇಳಿದದ್ದೂ ಇವರ ಕಾಲದಲ್ಲಿ.

ತುಣುಕು ಹಂಚುವ ಹುಡುಗರನ್ನು ನಾವು ಬೈಯುವುದಿಲ್ಲ. ಹನ್ನೆರಡು ತಾಸು ದುಡಿದು ಬಂದ ಹುಡುಗನಿಗೆ ಬೇಟ್‌ಮನ್ನನ ಮೈಕಟ್ಟು, ಸೂಟು, ಯಾರಿಗೂ ಹೆದರದ ನಡಿಗೆ ಕಣ್ಣಿಗೆ ಹಿಡಿದರೆ ಆಶ್ಚರ್ಯವೇನು? ಅವನನ್ನು ಕಂಡು ನಗಲೆಂದು ತೆಗೆದ ಚಿತ್ರದಲ್ಲಿ ಅವನಂತಾಗಲು ಹೊರಟಿರುವುದು ತಮಾಷೆಯೆಂದು ಮಾತ್ರ ಅವರಿಗೆ ಹೇಳಿದೆವು. ಆ ನಡಿಗೆಯವನು ಒಂದು ಕಾರ್ಡು ಕಂಡು ಬೆವರಿದ್ದನ್ನೂ ನೆನಪಿಸಿದೆವು. ಒಬ್ಬ ಹುಡುಗ ನಕ್ಕ, ಉಳಿದವರು ಒಪ್ಪಲಿಲ್ಲ.

ಚಿತ್ರದ ಕೊನೆಯ ಭಾಗದಲ್ಲಿ ಬೇಟ್‌ಮನ್ ಹೆಣಗಳನ್ನು ಬಚ್ಚಿಟ್ಟಿದ್ದ ಅಲೆನ್‌ನ ಮನೆಗೆ ಹೋಗುತ್ತಾನೆ. ಹೆಣವೂ ಇಲ್ಲ, ರಕ್ತವೂ ಇಲ್ಲ. ಗೋಡೆಗೆ ಹೊಸದಾಗಿ ಬಿಳಿ ಬಣ್ಣ ಬಳಿದಿದೆ. ಮನೆ ಮಾರಿಸುವ ಹೆಂಗಸು ಗಿರಾಕಿಗಳಿಗೆ ಕೋಣೆ ತೋರಿಸುತ್ತಿದ್ದಾಳೆ. ಇವನ ಮುಖ ನೋಡಿ, ತಂಟೆ ಮಾಡದೆ ಹೊರಟುಹೋಗಿ, ಮತ್ತೆ ಬರಬೇಡಿ ಎಂದು ತಣ್ಣಗೆ ಹೇಳುತ್ತಾಳೆ. ಅವಳಿಗೆ ಎಲ್ಲವೂ ಗೊತ್ತಿತ್ತೇನೋ, ಬೆಲೆ ಬಿದ್ದುಹೋಗಬಾರದಲ್ಲ.

ಕನ್ನಾಪೊಲಿಸಿನ ಗಿರಣಿ ಕೈಯಿಂದ ಕೈಗೆ ದಾಟಿ, 2003ರ ಜುಲೈಯಲ್ಲಿ ಮುಚ್ಚಿತು. ಆ ಒಂದು ಊರಿನ ಸುತ್ತಲೇ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಮಾರನೆಯ ವರ್ಷ ಗಿರಣಿಯ ನೆಲವನ್ನು ಮತ್ತೆ ಕೊಂಡವನು ಮರ್ಡಾಕನೇ. ಕಟ್ಟಡಗಳನ್ನು ಕೆಡವಿಸಿ, ಅಲ್ಲಿ ಕಂಬಗಳೂ ಗುಮ್ಮಟವೂ ಇರುವ ಸಂಶೋಧನಾ ಕೇಂದ್ರವನ್ನು ಕಟ್ಟಿಸಿದ. ಮನುಷ್ಯರ ಆರೋಗ್ಯ, ಆಹಾರ, ದೀರ್ಘಾಯುಷ್ಯ ಇವು ಅಲ್ಲಿ ನಡೆಯುವ ಸಂಶೋಧನೆಯ ವಿಷಯಗಳು.