ಇಲಿಗೆ ಗುಣವಾದರೆ ಔಷಧಿ ಸಿಕ್ಕಂತಾಯ್ತೇ?



ನಮ್ಮ ಜತ್ತ ತಾಲೂಕಿನ ದ್ರಾಕ್ಷಿ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವುದನ್ನು ನೀವು ನೋಡಿರುತ್ತೀರಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅದರಲ್ಲಿರುವ ತಾಮ್ರ ಡೌನಿ ರೋಗ ತಡೆಯುತ್ತದೆ. ಪ್ರಮಾಣ ತಪ್ಪಿತೋ, ಅದೇ ತಾಮ್ರ ಎಳೆ ಚಿಗುರನ್ನು ಸುಡುತ್ತದೆ. ಲೋಹವನ್ನು ಮನುಷ್ಯನ ಹೊಟ್ಟೆಗೆ ಔಷಧಿಯಾಗಿ ಕೊಡುವ ಮಾತು ಬಂದಾಗಲೂ ಇದು ನೆನಪಿರಬೇಕು.

ಕರುಳಿನ ಉರಿಯೂತದ ಕಾಯಿಲೆ, ಅಂದರೆ ಐಬಿಡಿ, ಎರಡು ದಿನ ಬಂದು ಹೋಗುವ ಭೇದಿಯಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬಿದ್ದು ಅಲ್ಲಿ ಹುಣ್ಣಾಗುತ್ತದೆ. ಹೊಟ್ಟೆನೋವು, ಮಲದಲ್ಲಿ ರಕ್ತ, ತೂಕ ಇಳಿಯುವುದು ಇದರ ಲಕ್ಷಣಗಳು. ಮಕ್ಕಳಲ್ಲಿ ಬೆಳವಣಿಗೆಯೇ ಕುಂಠಿತವಾಗಬಹುದು. ಈಗಿನ ಔಷಧಿಗಳು ರೋಗವನ್ನು ಹತೋಟಿಯಲ್ಲಿಡುತ್ತವೆ, ಬೇರುಸಹಿತ ಕೀಳುವುದಿಲ್ಲ.

ಉರಿಯೂತವಾದ ಜಾಗದಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಸ್ತುಗಳು ಅತಿಯಾಗಿ ಹುಟ್ಟಿ ಜೀವಕೋಶಗಳನ್ನು ಕೆಡಿಸುತ್ತವೆ. ನಮ್ಮ ದೇಹದ ಕೆಟಲೇಸ್ ಎಂಬ ಕಿಣ್ವ ಅದನ್ನು ಒಡೆದು ನೀರು, ಆಮ್ಲಜನಕ ಮಾಡುತ್ತದೆ. ಪ್ಲಾಟಿನಂ, ಸೀರಿಯಂ ಆಕ್ಸೈಡ್‌ಗಳ ನ್ಯಾನೋಕಣಗಳೂ ಇದೇ ಕೆಲಸ ಮಾಡಬಲ್ಲವು. ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಕಣ ಸಣ್ಣದಾದಷ್ಟೂ ಅದೇ ತೂಕದ ಲೋಹಕ್ಕೆ ಹೊರಮೈ ಹೆಚ್ಚು, ಕ್ರಿಯೆ ನಡೆಯುವುದು ಆ ಹೊರಮೈಯಲ್ಲೇ. ಕಿಣ್ವದಂತೆ ವರ್ತಿಸುವ ಇಂಥ ಕಣಗಳಿಗೆ ನ್ಯಾನೋಜೈಮ್ ಎಂದು ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಅವರ ತಂಡ 2014ರಲ್ಲಿ ವೆನೇಡಿಯಂ ಪೆಂಟಾಕ್ಸೈಡ್‌ನ ನ್ಯಾನೋತಂತಿಗಳು ಜೀವಕೋಶದೊಳಗೆ ಹೀಗೆ ಕೆಲಸ ಮಾಡುವುದನ್ನು ತೋರಿಸಿತು. ಅದು ಕರುಳಿನ ರೋಗದ ಪ್ರಯೋಗವಲ್ಲ, ಆದರೆ ದಾರಿ ಅದೇ.

ಕರುಳಿನ ಉರಿಯೂತವಿದ್ದ ಇಲಿಗಳಿಗೆ ಇಂಥ ಕಣ ಕೊಟ್ಟಾಗ ಉರಿಯೂತ ಇಳಿದಿದೆ. ಸಂತೋಷದ ಸುದ್ದಿಯೇ. ಹಾಗಂತ ಔಷಧಿ ಸಿಕ್ಕೇಬಿಡ್ತು ಅನ್ನಬಾರದು ಎಂಬುದು ನನ್ನ ಅಭಿಪ್ರಾಯ. ಆ ಇಲಿಗಳಿಗೆ ರೋಗ ಬಂದದ್ದಾದರೂ ಹೇಗೆ? ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಕುಡಿಯುವ ನೀರಿಗೆ ಡೆಕ್ಸ್‌ಟ್ರಾನ್ ಸೋಡಿಯಂ ಸಲ್ಫೇಟ್ ಬೆರೆಸಿ ಸುಮಾರು ಒಂದು ವಾರದಲ್ಲಿ ರೋಗ ತರಿಸುತ್ತಾರೆ. ಆ ನೀರು ನಿಲ್ಲಿಸಿದರೆ ಕರುಳು ತಾನಾಗಿಯೇ ಮಾಯತೊಡಗುತ್ತದೆ. ಮನುಷ್ಯನ ರೋಗವೋ ಹತ್ತಾರು ವರ್ಷದ್ದು. ಅಷ್ಟು ವರ್ಷ ಲೋಹ ನುಂಗಿದರೆ ಅದು ಪೂರ್ತಿ ಹೊರಗೆ ಹೋಗುತ್ತದೆಯೇ, ಯಕೃತ್ತಿನಲ್ಲಿ ಕೂರುತ್ತದೆಯೇ? ಒಂದು ವಾರದ ಇಲಿ ಇದಕ್ಕೆ ಉತ್ತರ ಹೇಳಲಾರದು.

ಬೆಳ್ಳಿಯ ಕಥೆ ಗೊತ್ತೇ ಇದೆ. ಬೆಳ್ಳಿ ಕಣಗಳ ನೀರನ್ನು ಬಹಳ ಕಾಲ ಕುಡಿದವರ ಚರ್ಮ ನೀಲಿ-ಬೂದಿ ಬಣ್ಣಕ್ಕೆ ತಿರುಗಿ ಹಾಗೇ ಉಳಿದದ್ದುಂಟು. ಆದ್ದರಿಂದ "ನ್ಯಾನೋ ಬೆಳ್ಳಿ", "ನ್ಯಾನೋ ಬಂಗಾರ" ಎಂದು ಬಾಟಲಿ ಮಾರಲು ಯಾರಾದರೂ ಬಂದರೆ ಕೇಳಿ: ಮನುಷ್ಯರ ಮೇಲೆ ಪರೀಕ್ಷೆ ಆಗಿದೆಯೇ? ಎಷ್ಟು ಜನರ ಮೇಲೆ? ಎಷ್ಟು ವರ್ಷ?

ಇನ್ನೊಂದು ಮಾತು. ಮಲದಲ್ಲಿ ರಕ್ತ ಕಂಡರೆ ನಾಚಿಕೊಂಡು ಮುಚ್ಚಿಡಬೇಡಿ. ಅವ್ವನಿಗೆ ಹೇಳಿ, ಗುರುಗಳಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಅವರು ಕೊಟ್ಟ ಗುಳಿಗೆಯನ್ನು ಪೇಪರಿನ ಸುದ್ದಿ ನೋಡಿ ಬಿಡಬೇಡಿ. ನ್ಯಾನೋಕಣ ಔಷಧಿಯಾಗುವ ದಿನ ಬರಲೂಬಹುದು. ಅಲ್ಲಿಯವರೆಗೆ ಕಾಯಿಲೆ ಕಾಯುವುದಿಲ್ಲ.